ಕಿವಿ ಕೇಳದ ಮಗುವಿಗೆ ಮೂರು ವರ್ಷದೊಳಗೇ ಸನ್ನೆಗಳು ಸಿಗಲಿ

ಮಾನ್ಯ ಸಂಪಾದಕರೇ,

ಪ್ರತಿವರ್ಷ ಸೆಪ್ಟೆಂಬರ್ 23, ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಆ ದಿನ ಶಾಲಾ ಮಕ್ಕಳು ಸನ್ನೆಯಲ್ಲಿ ನಾಡಗೀತೆ ಹಾಡುವ ಚಿತ್ರಗಳನ್ನು ಪತ್ರಿಕೆಗಳು ಪ್ರಕಟಿಸುತ್ತವೆ. ಸಂತೋಷ. ಆದರೆ ಅಂಥ ಎಷ್ಟೋ ಮಕ್ಕಳು ತಮ್ಮ ಮೊದಲ ಸನ್ನೆ ಕಲಿಯುವುದೇ ಶಾಲೆಗೆ ಸೇರಿದ ಮೇಲೆ, ಐದಾರು ವರ್ಷ ತುಂಬಿದ ನಂತರ. ಕಿವಿ ಕೇಳುವ ಮಗು ಆ ವಯಸ್ಸಿಗೆ ಸಾವಿರಾರು ಪದಗಳನ್ನು ಅರ್ಥ ಮಾಡಿಕೊಂಡು, ಜಗಳವಾಡಿ, ಕಥೆ ಕೇಳಿ, ಸುಳ್ಳು ಹೇಳುವುದನ್ನೂ ಕಲಿತಿರುತ್ತದೆ. ಮನೆಯಲ್ಲಿ ಯಾರೂ ಸನ್ನೆ ಮಾಡದ ಕಿವುಡು ಮಗುವಿನ ಬಳಿ ಬೆರಳು ತೋರಿಸುವುದು, ಎಳೆಯುವುದು, ಅಳುವುದು ಇಷ್ಟೇ ಇರುತ್ತದೆ. ಈ ಅಂತರ ಬೆಳೆಯುವುದು ಶಾಲೆಯಲ್ಲಲ್ಲ, ಹುಟ್ಟಿನಿಂದ ಮೂರು ವರ್ಷದೊಳಗೆ, ಅಡುಗೆಮನೆ ಮತ್ತು ಹಜಾರದಲ್ಲಿ. ಅದನ್ನು ತಡೆಯಲು ಮನೆಯವರು ಏನು ಮಾಡಬಹುದು, ಸರ್ಕಾರ ಏನು ಮಾಡಬೇಕು ಎಂಬುದನ್ನು ಹೇಳಲು ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ವಿಷಯ ಹಾಗಿದೆ.

ನವಜಾತ ಶಿಶುವಿನ ಶ್ರವಣ ತಪಾಸಣೆಗೆ ಜಗತ್ತಿನಲ್ಲೆಲ್ಲ ಒಪ್ಪಿಕೊಂಡ ಲೆಕ್ಕ 1-3-6. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ಪತ್ತೆ, ಆರು ತಿಂಗಳೊಳಗೆ ನೆರವು ಶುರು. ನಮ್ಮಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟು ಕಿವುಡಿನ ತಪಾಸಣೆ ಇದೆ, ಜಿಲ್ಲಾ ಮಟ್ಟದಲ್ಲಿ ಆರಂಭಿಕ ಮಧ್ಯಸ್ಥಿಕೆ ಕೇಂದ್ರಗಳಿವೆ, 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಶ್ರವಣ ಸಾಧನ, ಒಳಗಿವಿಗೆ ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಸರ್ಕಾರದ ನೆರವು ಸಿಗುತ್ತದೆ. ಇವೆಲ್ಲ ಬೇಕು. ತೊಂದರೆ ಇರುವುದು ನಡುವಿನ ಕಾಲದಲ್ಲಿ. ದೋಷ ಪತ್ತೆಯಾದ ದಿನದಿಂದ ಸಾಧನ ಹೊಂದಿಕೊಂಡು, ಇಂಪ್ಲಾಂಟ್ ಆಗಿ, ಮ್ಯಾಪಿಂಗ್ (ಅದರ ಧ್ವನಿಮಟ್ಟವನ್ನು ಮಗುವಿಗೆ ಹೊಂದಿಸುವುದು) ಆಗಿ, ಥೆರಪಿ ನಡೆದು ಮಗು ಮಾತನ್ನು ಮಾತಾಗಿ ಕೇಳಿಸಿಕೊಳ್ಳುವ ತನಕ ವರ್ಷಗಟ್ಟಲೆ ಕಳೆಯುತ್ತದೆ. ಕೆಲವು ಮಕ್ಕಳಿಗೆ ಇವೆಲ್ಲ ಮುಗಿದ ಮೇಲೂ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ಆ ವರ್ಷಗಳಲ್ಲಿ ಮಗುವಿನ ಮಿದುಳು ಭಾಷೆಗಾಗಿ ಕಾಯುತ್ತಾ ಕೂರುವುದಿಲ್ಲ. ಕಣ್ಣಿಗೆ ಕಾಣುವ ಭಾಷೆಯನ್ನು ಅದು ಹುಟ್ಟಿದ ದಿನದಿಂದಲೇ ತೆಗೆದುಕೊಳ್ಳಬಲ್ಲದು.

“ಸನ್ನೆ ಕಲಿಸಬೇಡಿ, ಕಲಿಸಿದರೆ ಮಾತು ಬರುವುದಿಲ್ಲ” ಎಂಬ ಮಾತನ್ನು ಈಗಲೂ ತಂದೆತಾಯಿಗೆ ಹೇಳುವವರಿದ್ದಾರೆ. ಕಿವುಡರ ಶಿಕ್ಷಣದ ಕುರಿತು 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಸನ್ನೆಯನ್ನು ಶಾಲೆಗಳಿಂದ ಹೊರಗಿಡಲು ತೀರ್ಮಾನಿಸಿದಂದಿನಿಂದ ಈ ನಂಬಿಕೆ ಕೈಯಿಂದ ಕೈಗೆ ಬಂದಿದೆ. ಇದನ್ನು ಅಳೆದು ನೋಡಿದವರಿಗೆ ಕಂಡದ್ದು ಬೇರೆ. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಸನ್ನೆಯ ಶಬ್ದಭಂಡಾರ ದೊಡ್ಡದಿದ್ದ ಮಕ್ಕಳಿಗೆ ಮಾತಿನ ಶಬ್ದಗಳೂ ಹೆಚ್ಚು ಇರುವುದನ್ನು ತೋರಿಸಿತು. ಒಂದು ಇನ್ನೊಂದನ್ನು ತಳ್ಳಿಹಾಕಲಿಲ್ಲ. ಅದಕ್ಕೂ ಎರಡು ವರ್ಷ ಮುಂಚೆ ಬಂದ ಇನ್ನೊಂದು ಅಧ್ಯಯನ ನಮ್ಮ ತಂದೆತಾಯಿಗೆ ಇನ್ನೂ ಹತ್ತಿರದ್ದು. ಕಿವುಡು ಮಕ್ಕಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ದಂಪತಿಗೆ. ಅಂಥ ಮನೆಗಳಲ್ಲಿ ಆರು ತಿಂಗಳೊಳಗೆ ಸನ್ನೆ ನೋಡಲು ಸಿಕ್ಕ ಮಕ್ಕಳ ಶಬ್ದಭಂಡಾರ ವಯಸ್ಸಿಗೆ ತಕ್ಕಂತೆ ಬೆಳೆದಿತ್ತು, ತಡವಾಗಿ ಸಿಕ್ಕವರದು ಹಿಂದೆ ಬಿದ್ದಿತ್ತು. ಆ ತಂದೆತಾಯಿ ಸನ್ನೆಯಲ್ಲಿ ಪಳಗಿದವರಲ್ಲ, ಮಗುವಿಗಾಗಿ ಹೊಸದಾಗಿ ಕಲಿಯುತ್ತಿದ್ದವರು.

ಸನ್ನೆ ಆಡುವ ಕಿವುಡು ತಂದೆತಾಯಿಯ ಮಗುವನ್ನು ನೋಡಿದರೆ ಬೆಳವಣಿಗೆಯ ಹಾದಿ ತಿಳಿಯುತ್ತದೆ. ಮಾತಿನ ಮಗು “ಬಬಬ, ದದದ” ಎನ್ನುವ ವಯಸ್ಸಿನಲ್ಲಿ ಈ ಮಗು ಕೈಯಲ್ಲೇ ತೊದಲುತ್ತದೆ. ಮುಷ್ಟಿ ಬಿಚ್ಚಿ ಮುಚ್ಚಿ, ಒಂದೇ ಚಲನೆಯನ್ನು ಲಯದಲ್ಲಿ ಮತ್ತೆ ಮತ್ತೆ ಮಾಡುತ್ತದೆ. ಅದಕ್ಕೆ ಅರ್ಥವಿಲ್ಲ, ಆದರೆ ಬರಿಯ ಕೈ ಆಡಿಸುವಿಕೆಯೂ ಅಲ್ಲ. 1991ರಲ್ಲೇ ಸಂಶೋಧಕರು ಇದನ್ನು ದಾಖಲಿಸಿದ್ದಾರೆ. ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಸನ್ನೆಗಳು ಬರುತ್ತವೆ, ಕೆಲವು ಮಕ್ಕಳಲ್ಲಿ ಅದಕ್ಕೂ ಮುಂಚೆ. ಒಂದೂವರೆ ವರ್ಷದ ಹೊತ್ತಿಗೆ ಎರಡು ಸನ್ನೆ ಜೋಡಿಸುತ್ತದೆ: “ಹಾಲು ಬೇಡ”, “ಅಪ್ಪ ಎಲ್ಲಿ”. ಮಾತಿನ ಮಕ್ಕಳಂತೆಯೇ ಇಲ್ಲಿಯೂ ಮಗುವಿಂದ ಮಗುವಿಗೆ ಬಹಳ ವ್ಯತ್ಯಾಸವಿದೆ. ಪಕ್ಕದ ಮನೆಯ ಮಗುವಿನ ಜತೆ ಹೋಲಿಸಿ ಗಾಬರಿಯಾಗುವುದು ಬೇಡ.

ಮೊದಲ ಸನ್ನೆಗಳು ದೊಡ್ಡವರ ಸನ್ನೆಯಂತೆ ಇರುವುದಿಲ್ಲ. ಇದು ಗೊತ್ತಿಲ್ಲದೆ ಮನೆಯವರು ಮಗು ಆಡಿದ್ದನ್ನು ಗುರುತಿಸದೆ ಹೋಗುತ್ತಾರೆ. ಯಾವುದೇ ಸನ್ನೆಯನ್ನು ಮೂರು ಭಾಗವಾಗಿ ನೋಡಿ: ಕೈಯ ಆಕಾರ, ಮೈಮೇಲೆ ಅಥವಾ ಗಾಳಿಯಲ್ಲಿ ಅದರ ಜಾಗ, ಅದರ ಚಲನೆ. ಮಗುವಿಗೆ ಮೊದಲು ಸರಿಯಾಗುವುದು ಜಾಗ, ಕೊನೆಗೆ ಸರಿಯಾಗುವುದು ಕೈಯ ಆಕಾರ. ಮುಷ್ಟಿ, ತೋರುಬೆರಳು, ಬಿಡಿಸಿದ ಐದು ಬೆರಳು, ಚಪ್ಪಟೆ ಅಂಗೈ ಇವು ಸುಲಭ. ಎರಡು ಬೆರಳು ಹೆಣೆಯುವುದು, ಕಿರುಬೆರಳೊಂದನ್ನೇ ಎತ್ತುವುದು ಕಷ್ಟ. ಕಷ್ಟದ ಆಕಾರದ ಜಾಗದಲ್ಲಿ ಮಗು ಸುಲಭದ್ದನ್ನೇ ಬಳಸುತ್ತದೆ. ಐದೂ ಬೆರಳ ತುದಿ ಕೂಡಿಸಿ ಬಾಯಿಗೆ ಒಯ್ಯುವ ‘ಊಟ’ದ ಸನ್ನೆಯನ್ನು ಒಂದೂವರೆ ವರ್ಷದ ಮಗು ಬಿಡಿಸಿದ ಅಂಗೈಯಿಂದ ಬಾಯಿ ತಟ್ಟಿ ಮಾಡಬಹುದು. ಎರಡು ಕೈಯ ಬೆರಳ ತುದಿ ತಾಗಿಸಿ ಮಾಡಿನಂತೆ ತೋರಿಸುವ ‘ಮನೆ’ಯಲ್ಲಿ ಅಂಗೈಗಳು ಪೂರ್ತಿ ಅಂಟಿಕೊಂಡು ಕೈಮುಗಿದಂತೆ ಕಾಣಬಹುದು. ಮಣಿಕಟ್ಟಿನಿಂದ ಆಗಬೇಕಾದ ಚಲನೆ ಮೊಣಕೈ ಅಥವಾ ಭುಜದಿಂದ ಬರುತ್ತದೆ, ಏಕೆಂದರೆ ದೊಡ್ಡ ಕೀಲುಗಳ ಹತೋಟಿ ಮೊದಲು ಕೈಗೂಡುತ್ತದೆ. ಒಂದು ಕೈ ಸುಮ್ಮನಿರಬೇಕಾದ ಸನ್ನೆಯಲ್ಲಿ ಎರಡೂ ಕೈ ಕುಣಿಯುತ್ತವೆ. ಇವು ತಪ್ಪುಗಳಲ್ಲ, ತೊದಲು. ಮಗುವಿನ ಕೈ ಹಿಡಿದು ಬೆರಳು ಮಡಿಸಿ ತಿದ್ದಲು ಹೋಗಬೇಡಿ. ಅದು ಹೇಳಿದ್ದು ಅರ್ಥವಾಯಿತೆಂದು ತೋರಿಸಿ, ಅದೇ ಸನ್ನೆಯನ್ನು ನೀವು ಸರಿಯಾಗಿ ಮಾಡಿ, ಕೇಳಿದ್ದನ್ನು ಕೊಡಿ. ಪದೇ ಪದೇ ಕೈ ಹಿಡಿದು ತಿದ್ದಿಸಿಕೊಂಡ ಮಗು ಕೈ ಹಿಂದಕ್ಕೆ ಎಳೆದುಕೊಳ್ಳುವುದನ್ನು ಕಲಿಯುತ್ತದೆ.

ಇನ್ನೊಂದು ವಿಷಯ ಮನೆಯವರನ್ನು ಗೊಂದಲಕ್ಕೀಡು ಮಾಡುತ್ತದೆ. ‘ನಾನು’, ‘ನೀನು’ ಎನ್ನಲು ಸನ್ನೆ ಭಾಷೆಯಲ್ಲಿ ಬೆರಳು ತೋರಿಸಿದರೆ ಸಾಕು. ಇಷ್ಟು ಸುಲಭದ್ದರಲ್ಲಿ ಎಡವಟ್ಟು ಆಗಲಾರದು ಎನಿಸುತ್ತದೆ. ಆದರೂ ಎರಡು ವರ್ಷಕ್ಕೆ ಸ್ವಲ್ಪ ಮೊದಲು ಕೆಲವು ಮಕ್ಕಳು ತಮ್ಮನ್ನು ಕುರಿತು ಹೇಳುವಾಗ ಎದುರಿನವರತ್ತ ಬೆರಳು ಮಾಡುತ್ತವೆ. ಮಾತಿನ ಮಕ್ಕಳು ‘ನಾನು’, ‘ನೀನು’ ಅದಲುಬದಲು ಮಾಡುವಂತೆಯೇ ಇದು. ಬೆರಳು ತೋರಿಸುವುದನ್ನು ಮಗು ಭಾಷೆಯ ಪದವಾಗಿ ಕಲಿಯಲು ತೊಡಗಿದೆ ಎಂಬುದಕ್ಕೆ ಇದು ಗುರುತು. ಕೆಲವೇ ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಕಣ್ಣಿನ ವಿಚಾರದಲ್ಲಿ. ಕಿವಿ ಕೇಳುವ ಮಗು ಚೆಂಡನ್ನು ನೋಡುತ್ತಲೇ “ಚೆಂಡು” ಎಂಬ ಶಬ್ದ ಕೇಳಿಸಿಕೊಳ್ಳುತ್ತದೆ. ಎರಡೂ ಏಕಕಾಲಕ್ಕೆ ಆಗುತ್ತವೆ. ಕಿವುಡು ಮಗುವಿಗೆ ವಸ್ತು ಮತ್ತು ಪದ ಎರಡೂ ಕಣ್ಣಿಂದಲೇ ಬರಬೇಕು, ಒಂದಾದ ಮೇಲೆ ಒಂದು. ಮಾತಿನ ಅಭ್ಯಾಸವಿರುವ ನಾವು ಮಗು ವಸ್ತು ನೋಡುತ್ತಿರುವಾಗಲೇ ಅದರ ಸನ್ನೆ ಮಾಡಿಬಿಡುತ್ತೇವೆ. ಆ ಸನ್ನೆ ಮಗುವಿಗೆ ಕಾಣಲೇ ಇಲ್ಲ. ದಿನಕ್ಕೆ ನೂರು ಸಲ ಸನ್ನೆ ಮಾಡಿದೆವು, ಆದರೂ ಮಗು ಕಲಿಯುತ್ತಿಲ್ಲ ಎನ್ನುವ ಮನೆಗಳಲ್ಲಿ ಬಹುಪಾಲು ಕಾರಣ ಇದೇ.

ಇಡ್ಲಿ ತಿನ್ನಿಸುವ ಹೊತ್ತನ್ನೇ ತೆಗೆದುಕೊಳ್ಳಿ. ಮಗು ತಟ್ಟೆ ನೋಡುತ್ತಿದೆ. ನೀವು ಎದುರಿಗೆ, ಮಗುವಿನ ಮುಖದ ಮಟ್ಟಕ್ಕೆ ಕೂತಿದ್ದೀರಿ, ನೆಲದ ಮೇಲೆ. ಈಗ ಸನ್ನೆ ಮಾಡಬೇಡಿ. ಇಡ್ಲಿಯ ಚೂರನ್ನು ಎತ್ತಿ, ಮಗುವಿನ ಕಣ್ಣು ಅದರ ಜತೆ ಮೇಲೆ ಬರುವಂತೆ ನಿಮ್ಮ ಗಲ್ಲದ ಹತ್ತಿರಕ್ಕೆ ತನ್ನಿ. ಕಣ್ಣು ನಿಮ್ಮ ಮುಖಕ್ಕೆ ಬಂತು. ಚೂರು ಹಿಡಿದ ಕೈ ಕೆಳಗಿಳಿಸಿ, ‘ಇಡ್ಲಿ’ ಸನ್ನೆ ಮಾಡಿ, ಎರಡು ಸಲ, ನಿಧಾನವಾಗಿ, ಸ್ವಲ್ಪ ದೊಡ್ಡದಾಗಿ. ‘ಬೇಕಾ?’ ಎಂದು ಹುಬ್ಬೆತ್ತಿ ಕೇಳಿ. ಕಾಯಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮಗು ಕೈ ಚಾಚಿತೋ, ಬಾಯಿ ತಟ್ಟಿತೋ, ಏನೇ ಮಾಡಲಿ, ಅದನ್ನು ಉತ್ತರವೆಂದೇ ಪರಿಗಣಿಸಿ ಕೊಡಿ. ಅದು ತಿನ್ನುತ್ತ ಮತ್ತೆ ತಟ್ಟೆ ನೋಡಿತು. ನೀವು ಮತ್ತೆ ಕಾಯಬೇಕು. ಇಡೀ ಊಟದಲ್ಲಿ ಹೀಗೆ ಆರೆಂಟು ಸಲ ಆದರೆ ಸಾಕು. ಮಗುವಿನ ಕಣ್ಣಿಗೆ ಬಿದ್ದ ಎಂಟು ಸನ್ನೆಗಳು ಬೀಳದ ನೂರಕ್ಕಿಂತ ಮೇಲು.

ಕಿವುಡು ತಾಯಂದಿರು ಇನ್ನೂ ಹಲವು ಉಪಾಯಗಳನ್ನು ಸಹಜವಾಗಿ ಬಳಸುತ್ತಾರೆ, ಅವನ್ನು ನೋಡಿ ಕಲಿಯಬಹುದು. ಮಗು ಗೊಂಬೆಯನ್ನೇ ನೋಡುತ್ತಿದ್ದರೆ ಸನ್ನೆಯನ್ನು ಗೊಂಬೆಯ ಪಕ್ಕಕ್ಕೆ ಒಯ್ದು ಅಲ್ಲೇ ಮಾಡುತ್ತಾರೆ. ಮಡಿಲಲ್ಲಿ ಕೂರಿಸಿಕೊಂಡು ಪುಸ್ತಕ ತೋರಿಸುವಾಗ ಹಿಂದಿನಿಂದ ಕೈ ಚಾಚಿ ಪುಟದ ಮೇಲೆಯೇ ಸನ್ನೆ ಮಾಡುತ್ತಾರೆ. ಮುಖ ಮುಟ್ಟಿ ಮಾಡಬೇಕಾದ ಸನ್ನೆಯನ್ನು ಮಗುವಿನ ಕೆನ್ನೆಯ ಮೇಲೆ ಮಾಡುತ್ತಾರೆ. ಕರೆಯಬೇಕಾದರೆ ತೋಳು ಅಥವಾ ತೊಡೆಯನ್ನು ಮೆಲ್ಲಗೆ ತಟ್ಟುತ್ತಾರೆ, ಕಣ್ಣಂಚಿನಲ್ಲಿ ಕೈ ಬೀಸುತ್ತಾರೆ, ನೆಲ ಹಲಗೆಯದಾದರೆ ಪಾದದಿಂದ ಬಡಿಯುತ್ತಾರೆ. ಗಲ್ಲ ಹಿಡಿದು ಮುಖ ತಿರುಗಿಸುವುದು ಮಾತ್ರ ಮಾಡಬಾರದು. ಹಾಗೆ ತಿರುಗಿಸಿದ ಮಗು ಕಣ್ಣು ಮುಚ್ಚಿಕೊಳ್ಳುತ್ತದೆ, ಅಲ್ಲಿಗೆ ಸಂಭಾಷಣೆ ಮುಗಿಯಿತು. ಎರಡು ವರ್ಷದ ಹೊತ್ತಿಗೆ, ಹೀಗೆ ಬೆಳೆದ ಮಗು ತಾನೇ ವಸ್ತುವಿನಿಂದ ಮುಖಕ್ಕೆ, ಮುಖದಿಂದ ವಸ್ತುವಿಗೆ ಚಕಚಕನೆ ಕಣ್ಣು ಹಾಯಿಸಲು ಕಲಿಯುತ್ತದೆ.

ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ಮಗುವಿಗೆ ಕಾಣುವುದು ಕಪ್ಪು ನೆರಳು ಮಾತ್ರ. ಕೈಯ ಬಣ್ಣಕ್ಕೆ ಎದ್ದು ಕಾಣುವ, ಗೆರೆ ಹೂವುಗಳಿಲ್ಲದ ಬಟ್ಟೆ ಒಳ್ಳೆಯದು. ರಾತ್ರಿ ಕರೆಂಟ್ ಹೋದಾಗ ಕಿವುಡು ಮಗುವಿಗೆ ಮನೆಯ ಭಾಷೆಯೂ ಹೋದಂತೆ. ಟಾರ್ಚನ್ನು ಮಗುವಿನ ಕಣ್ಣಿಗಲ್ಲ, ನಿಮ್ಮ ಕೈ ಮತ್ತು ಮುಖಕ್ಕೆ ಬಿಟ್ಟುಕೊಳ್ಳಿ. ಕಂಕುಳಲ್ಲಿ ಎತ್ತಿಕೊಂಡಿದ್ದರೆ ಒಂದೇ ಕೈ ಬಿಡುವಿರುತ್ತದೆ. ಎರಡು ಕೈಯ ಸನ್ನೆಯನ್ನು ಒಂದೇ ಕೈಯಲ್ಲಿ ಮಾಡಿದರೂ ನಡೆಯುತ್ತದೆ, ಕಿವುಡರೂ ಹಾಗೆ ಮಾಡುತ್ತಾರೆ. ಸೀರೆಯ ಜೋಲಿಯಲ್ಲಿ ಮಲಗಿ ಎಚ್ಚರವಾಗಿರುವ ಮಗುವಿಗೆ ಬಟ್ಟೆ ಬಿಟ್ಟು ಬೇರೇನೂ ಕಾಣುವುದಿಲ್ಲ. ನಿದ್ದೆ ಮುಗಿದ ಕೂಡಲೇ ಹೊರಗೆ ತೆಗೆಯಿರಿ.

ಕಣ್ಣಿನ ತಪಾಸಣೆ ಮರೆಯಬಾರದು. ಹುಟ್ಟು ಕಿವುಡಿನ ಜತೆಗೆ ಇರುಳುಗುರುಡು ಬಂದು ನೋಟ ಕ್ರಮೇಣ ಕಿರಿದಾಗುವ ಅಶರ್ ಸಿಂಡ್ರೋಮ್ ಎಂಬ ಕಾಯಿಲೆ ಕೆಲವು ಮಕ್ಕಳಲ್ಲಿ ಇರುತ್ತದೆ. ಕತ್ತಲಾದ ಮೇಲೆ ಮುಗ್ಗರಿಸುವ, ಪಕ್ಕದಲ್ಲಿ ಬೀಸಿದ ಕೈ ಗಮನಿಸದ ಮಗುವನ್ನು ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು.

ಯಾವ ಸನ್ನೆಗಳನ್ನು ಮೊದಲು ಕಲಿಸಬೇಕು? ಗೋಡೆಯ ಚಾರ್ಟಿನಲ್ಲಿರುವ ಹಣ್ಣು, ಬಣ್ಣ, ಕಾಡುಪ್ರಾಣಿಗಳಿಂದ ಶುರುಮಾಡುವವರೇ ಹೆಚ್ಚು. ಮಗು ಸಿಂಹವನ್ನು ತೋರಿಸುತ್ತದೆ, ಆದರೆ “ಹೊಟ್ಟೆ ನೋವು” ಎನ್ನಲಾರದೆ ಅಳುತ್ತದೆ. ಹೆಸರುಗಳ ಜತೆಗೆ ಮೊದಲ ವಾರದಿಂದಲೇ ಬೇಕಾದವು: ಬೇಕು, ಬೇಡ, ಇನ್ನೂ, ಆಯ್ತು, ಬಾ, ಕೊಡು, ಎಲ್ಲಿ, ಯಾರು, ನೋವು, ಬಿಸಿ, ಭಯ, ಮಲಗು, ಹೊರಗೆ ಹೋಗೋಣ, ಅಪ್ಪ ಆಮೇಲೆ ಬರ್ತಾರೆ. ‘ಎಲ್ಲಿ’, ‘ಯಾರು’ ಇಲ್ಲದ ಮಗು ಪ್ರಶ್ನೆ ಕೇಳಲಾರದು, ಪ್ರಶ್ನೆ ಕೇಳದ ಮಗುವಿಗೆ ಹೊಸ ಪದಗಳು ನಾವು ಕೊಟ್ಟಷ್ಟೇ ಸಿಗುತ್ತವೆ. ‘ಆಮೇಲೆ’ ಇಲ್ಲದಿದ್ದರೆ ಅಪ್ಪ ಬಾಗಿಲು ದಾಟಿದ್ದು ಅದಕ್ಕೆ ಶಾಶ್ವತವಾಗಿ ಹೋದಂತೆ. ಬಾಗಿಲಲ್ಲಿ ನಡೆಯುವ ಎಷ್ಟೋ ರಂಪಾಟಗಳನ್ನು ಮಗುವಿನ ಹಟವೆಂದು ತಿಳಿಯುತ್ತಾರೆ, ಇದ್ದದ್ದು ಒಂದು ಪದದ ಕೊರತೆ. ಮನೆಯ ಪ್ರತಿಯೊಬ್ಬರಿಗೂ ಒಂದು ಸನ್ನೆಹೆಸರು ಇಡಿ, ಅಜ್ಜಿಗೆ, ಚಿಕ್ಕಮ್ಮನಿಗೆ, ಎದುರುಮನೆಯ ಮಾವನಿಗೆ. ಕಿವುಡರಲ್ಲಿ ರೂಢಿಯಿರುವಂತೆ ಮುಖದ ಮಚ್ಚೆ, ಕನ್ನಡಕ, ಜಡೆ ಹೀಗೆ ಕಣ್ಣಿಗೆ ಬೀಳುವ ಗುರುತಿನಿಂದ ಹೆಸರಿಡಬಹುದು. ಎದುರಿಗಿಲ್ಲದ ವ್ಯಕ್ತಿಯ ಬಗ್ಗೆ ಮಾತಾಡಲು ಹೆಸರು ಬೇಕೇ ಬೇಕು.

ಸನ್ನೆ ಮಾಡುತ್ತಲೇ ಪೂರ್ತಿ ಕನ್ನಡ ವಾಕ್ಯವನ್ನೂ ಹೇಳಲು ಹೋದರೆ ಎರಡರಲ್ಲಿ ಒಂದು ಕುಂಟುತ್ತದೆ, ಸಾಮಾನ್ಯವಾಗಿ ಸನ್ನೆಯೇ. ನಾಲಿಗೆ ಮುಂದೆ ಓಡುತ್ತದೆ, ಕೈ ಅಲ್ಲೊಂದು ಇಲ್ಲೊಂದು ಪದ ಉದುರಿಸುತ್ತದೆ, ಮಗುವಿಗೆ ಸಿಗುವುದು ಹರಿದ ವಾಕ್ಯ. ದಿನದ ಕೆಲವು ಹೊತ್ತನ್ನಾದರೂ ಬಾಯಿ ಮುಚ್ಚಿ, ಬರಿಯ ಸನ್ನೆಯಲ್ಲೇ ಕಳೆಯಿರಿ. ಮಾತಿನ ಅಭ್ಯಾಸಕ್ಕೆ ಬೇರೆ ಹೊತ್ತು ಇರಲಿ. ಕನ್ನಡಿಗರಿಗೆ ಒಂದು ಅನುಕೂಲವಿದೆ. ಭಾರತೀಯ ಸನ್ನೆ ಭಾಷೆಯಲ್ಲಿ ಕ್ರಿಯೆ ಕೊನೆಗೆ ಬರುತ್ತದೆ, ಪ್ರಶ್ನೆಯ ಪದವೂ ನಿಷೇಧವೂ ವಾಕ್ಯದ ಕೊನೆಗೇ. “ನಿನ್ನ ಹೆಸರು ಏನು” ಎಂಬ ಕ್ರಮ ಹಾಗೆಯೇ ಹೊಂದುತ್ತದೆ. ಆದರೆ ವಿಭಕ್ತಿ ಪ್ರತ್ಯಯಗಳನ್ನು ಕೈಯಲ್ಲಿ ಹುಡುಕಬೇಡಿ. ‘ಕೊಡು’ ಎಂಬ ಸನ್ನೆ ಯಾರಿಂದ ಯಾರ ಕಡೆಗೆ ಸಾಗುತ್ತದೆ ಎಂಬುದೇ “ಅವನು ನನಗೆ ಕೊಟ್ಟ” ಎನ್ನುವುದನ್ನು ಹೇಳುತ್ತದೆ. ಎರಡು ವರ್ಷದ ಮಗು ಈ ದಿಕ್ಕನ್ನು ಬಿಟ್ಟುಬಿಡುತ್ತದೆ, ಮೂರು ದಾಟಿದ ಮೇಲೆ ಹಿಡಿತಕ್ಕೆ ಬರುತ್ತದೆ. ಪ್ರಶ್ನೆ, ಸಿಟ್ಟು, ‘ಇಲ್ಲ’ ಇವುಗಳ ಅರ್ಧ ವ್ಯಾಕರಣ ಹುಬ್ಬು, ತಲೆ, ಬಾಯಲ್ಲಿದೆ. ಮುಖ ಕಲ್ಲಿನಂತಿಟ್ಟುಕೊಂಡು ಕೈ ಮಾತ್ರ ಆಡಿಸಿದರೆ ಮಗುವಿಗೆ ಅದು ಭಾಷೆಯಾಗಿ ತಲುಪುವುದಿಲ್ಲ.

ಈಗ ಅಳತೆಯ ಪ್ರಶ್ನೆ. ಮಗುವಿನ ತೂಕವನ್ನು ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳು ಬರೆಯುತ್ತೇವೆ. ಸನ್ನೆಯ ಶಬ್ದಭಂಡಾರವನ್ನು ಬರೆಯುವ ಪಟ್ಟಿ ಅಂಗನವಾಡಿಯ ದಾಖಲೆಯಲ್ಲೂ ಇಲ್ಲ, ತಾಯಿ ಕಾರ್ಡಿನಲ್ಲೂ ಇಲ್ಲ. ಅಮೆರಿಕದ ಸನ್ನೆ ಭಾಷೆಗೆ ಇಂಥದ್ದೊಂದನ್ನು 2002ರಲ್ಲೇ ಪ್ರಕಟಿಸಿದರು. 537 ಸನ್ನೆಗಳು, 20 ವಿಭಾಗಗಳು. 8ರಿಂದ 36 ತಿಂಗಳ 69 ಮಕ್ಕಳಿಂದ, ಎಲ್ಲರೂ ಕಿವುಡು ತಂದೆತಾಯಿಯ ಮಕ್ಕಳು, ಅದರ ಮಾನದಂಡ ತಯಾರಾಯಿತು. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಇಂಥದ್ದೇ ಕೆಲಸಕ್ಕೆ ಸಿಕ್ಕ ಮಕ್ಕಳು 29. ಕಿವುಡು ತಂದೆತಾಯಿಯ ಕಿವುಡು ಮಕ್ಕಳು ಎಲ್ಲೆಡೆ ಕಡಿಮೆ, ಹಾಗಾಗಿ ಸಂಖ್ಯೆ ಸಣ್ಣದು. ನಾವೂ ಸಾವಿರ ಮಕ್ಕಳಿಗಾಗಿ ಕಾಯಬೇಕಿಲ್ಲ.

ಆದರೆ ಅಮೆರಿಕದ ಆ ಪಟ್ಟಿಯನ್ನು ಅನುವಾದ ಮಾಡಿ ತಂದರೆ ಕೆಲಸಕ್ಕೆ ಬಾರದು. ಅದಕ್ಕೆ ಮೂಲವಾದ, ಮಾತಿನ ಮಕ್ಕಳಿಗಾಗಿ ಮಾಡಿದ ಇಂಗ್ಲಿಷ್ ಪಟ್ಟಿಯಲ್ಲಿ ಹಿಮದ ಗೊಂಬೆ, ಹಿಮದ ಮೇಲೆ ಜಾರುವ ಗಾಡಿ ಇವೆ. ನಮ್ಮ ಮಗುವಿಗೆ ಬೇಕಾದವು ಚಾಪೆ, ಕುಕ್ಕರ್, ಕೊಡ, ಸೊಳ್ಳೆ, ಎಮ್ಮೆ, ಆಟೊ, ರಂಗೋಲಿ, ಕುಂಕುಮ, ಕರೆಂಟ್ ಹೋಯ್ತು. ಮಂಡ್ಯಕ್ಕೆ ಮುದ್ದೆ, ಕಲಬುರಗಿಗೆ ರೊಟ್ಟಿ, ಉಡುಪಿಗೆ ಗಂಜಿ, ಮೂರೂ ಇರಬೇಕು. ಅಮೆರಿಕದವರೂ ಇಂಗ್ಲಿಷ್ ಪಟ್ಟಿಯನ್ನು ಹಾಗೆಯೇ ಇಟ್ಟುಕೊಳ್ಳಲಿಲ್ಲ. ಪ್ರಾಣಿಗಳ ಕೂಗುಗಳನ್ನು ತೆಗೆದರು, ಮೂಗು ಬಾಯಿಗಳಂಥ ಅವಯವಗಳನ್ನೂ ಬಿಟ್ಟರು, ಏಕೆಂದರೆ ಅವನ್ನು ಬೆರಳು ಮುಟ್ಟಿಸಿ ತೋರಿಸುವುದರಿಂದ ಮಗುವಿಗೆ ಪದ ಗೊತ್ತೋ, ಬರಿದೇ ಮುಟ್ಟಿತೋ ತಿಳಿಯುವುದಿಲ್ಲ. ಈ ಎಚ್ಚರ ನಮಗೂ ಬೇಕು.

ಅಧಿಕೃತ ಪಟ್ಟಿ ಬರುವ ತನಕ ಮನೆಯಲ್ಲೇ ಒಂದು ನೋಟ್‌ಪುಸ್ತಕ ಇಡಿ. ಪುಟಕ್ಕೆ ಎರಡು ಅಂಕಣ: ‘ಅರ್ಥವಾಗುತ್ತದೆ’, ‘ತಾನೇ ಮಾಡುತ್ತದೆ’. ಎದುರಿಗೆ ತಾರೀಕು, ಮತ್ತು ಮಗು ಅದನ್ನು ಹೇಗೆ ಮಾಡುತ್ತದೆ ಎಂಬ ಒಂದು ಸಾಲು: “ಊಟ — ಬಿಡಿಸಿದ ಕೈ, ಬಾಯಿ ತಟ್ಟುತ್ತಾನೆ”. ಮೂರು ತಿಂಗಳಿಗೊಮ್ಮೆ ಎಣಿಸಿ. ಇಲ್ಲಿ ನಾಲ್ಕು ಕಡೆ ಲೆಕ್ಕ ತಪ್ಪುತ್ತದೆ. ನಾವು ಕಲಿಸಿದ್ದನ್ನೆಲ್ಲ ಮಗುವಿಗೆ ಬರುತ್ತದೆಂದು ಬರೆದುಬಿಡುತ್ತೇವೆ. ನಾವು ಮಾಡಿದ ಕೂಡಲೇ ಮಗು ಅನುಕರಿಸಿದ್ದನ್ನೂ ಸೇರಿಸುತ್ತೇವೆ. ತಾನಾಗಿ, ಬೇರೆ ಬೇರೆ ಸಂದರ್ಭದಲ್ಲಿ, ಅದೇ ಅರ್ಥಕ್ಕೆ ಬಳಸಿದ್ದನ್ನು ಮಾತ್ರ ಎಣಿಸಬೇಕು. ಚಪ್ಪಲಿಯ ಕಡೆ ನೋಡುತ್ತ ‘ಚಪ್ಪಲಿ’ ಸನ್ನೆ ಮಾಡಿ, ಮಗು ತಂದುಕೊಟ್ಟರೆ ಅರ್ಥವಾಯಿತು ಎನ್ನುತ್ತೇವೆ. ಅದಕ್ಕೆ ಅರ್ಥವಾದದ್ದು ನಿಮ್ಮ ಕಣ್ಣು. ಚಪ್ಪಲಿ ಕಾಣದ ಕೋಣೆಯಲ್ಲಿ, ನೋಟ ಎತ್ತಲೂ ಹಾಯಿಸದೆ ಕೇಳಿ ನೋಡಿ. ಕೊನೆಯದಾಗಿ, ಟಾಟಾ ಮಾಡುವುದು, ಎತ್ತಿಕೋ ಎಂದು ತೋಳು ಚಾಚುವುದು ಎಲ್ಲ ಮಕ್ಕಳೂ ಮಾಡುವ ಹಾವಭಾವಗಳು. ಅವನ್ನು ಬೇರೆ ಪುಟದಲ್ಲಿ ಬರೆಯಿರಿ.

ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಹತ್ತು ನಿಮಿಷ ಆಟವಾಡುವ ವಿಡಿಯೊ ತೆಗೆದಿಡಿ. ಮಗುವಿನ ತಲೆಯಿಂದ ಸೊಂಟದವರೆಗೆ, ಚಾಚಿದ ಕೈಗಳು ಚೌಕಟ್ಟಿನಿಂದ ಹೊರಗೆ ಹೋಗದಂತೆ, ಮೊಬೈಲನ್ನು ಅಡ್ಡ ಹಿಡಿದು. ಸನ್ನೆ ಬಲ್ಲ ಕಿವುಡರೊಬ್ಬರಿಗೆ ಅದನ್ನು ತೋರಿಸಿದರೆ, ಮನೆಯವರು ಸುಮ್ಮನೆ ಕೈ ಆಡಿಸುವುದೆಂದು ತಿಳಿದಿದ್ದರಲ್ಲಿ ಎಷ್ಟೋ ಪದಗಳನ್ನು ಅವರು ಹೆಕ್ಕಿಕೊಡುತ್ತಾರೆ. ಆರು ತಿಂಗಳು ದಿನವೂ ಸನ್ನೆ ಕಂಡೂ ಹೊಸದೊಂದೂ ಸೇರದಿದ್ದರೆ ಕಾಯುತ್ತ ಕೂರದೆ ಕಣ್ಣು, ಬೆಳವಣಿಗೆ ಎರಡನ್ನೂ ತೋರಿಸಿ.

ಸನ್ನೆಗಳನ್ನು ಎಲ್ಲಿಂದ ಕಲಿಯುವುದು ಎಂಬುದು ತಂದೆತಾಯಿಯ ಮೊದಲ ಪ್ರಶ್ನೆ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ವಿಡಿಯೊ ನಿಘಂಟು ತಂದಿತು, 2019ರಲ್ಲಿ 6,000, 2021ರಲ್ಲಿ 10,000 ಆಯಿತು. ಯೂಟ್ಯೂಬಿನಲ್ಲಿ ಉಚಿತ, ‘ಸೈನ್ ಲರ್ನ್’ ಎಂಬ ಆ್ಯಪ್ ಕೂಡ ಇದೆ. ಬಹಳ ದೊಡ್ಡ ಕೆಲಸ. ಆದರೆ ದಿನಬಳಕೆಯ ಪದಗಳ ಜತೆಗೆ ಕಾನೂನು, ವೈದ್ಯಕೀಯ, ತಾಂತ್ರಿಕ, ಕೃಷಿ, ಪಠ್ಯಗಳ ಪದಗಳೂ ಇರುವ ಆ ರಾಶಿಯಲ್ಲಿ ಒಂದು ವರ್ಷದ ಮಗುವಿನ ತಾಯಿ ತನಗೆ ಬೇಕಾದ ಐನೂರನ್ನು ಹುಡುಕುವುದು ಕಷ್ಟ. ಜತೆಗೆ, ವಿಡಿಯೊ ತೆರೆದು ಮಗುವಿನ ಕೈಗೆ ಮೊಬೈಲ್ ಕೊಟ್ಟರೆ ಭಾಷೆ ಬರುವುದಿಲ್ಲ. ವಿಡಿಯೊ ದೊಡ್ಡವರು ಕಲಿಯಲು, ಮಗುವಿಗೆ ಎದುರು ಮುಖ ಬೇಕು.

ಪ್ರಾದೇಶಿಕ ಭೇದಗಳೂ ಇವೆ. 1970ರ ದಶಕದ ಕೊನೆಯಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರುಗಳ ಕಿವುಡರ ಸನ್ನೆಗಳನ್ನು ಹೋಲಿಸಿದಾಗ ಸುಮಾರು ಮುಕ್ಕಾಲು ಪಾಲು ಒಂದಕ್ಕೊಂದು ಸಂಬಂಧವುಳ್ಳವೇ ಆಗಿದ್ದವು. ಮೂಗುತಿಯ ಜಾಗ ಮುಟ್ಟಿ ‘ಹೆಂಗಸು’, ಮೀಸೆಯ ಜಾಗದಲ್ಲಿ ‘ಗಂಡಸು’ ಎನ್ನುವಂಥವು ದೇಶದ ಬಹುಭಾಗದಲ್ಲಿ ಅರ್ಥವಾಗುತ್ತವೆ. ಉಳಿದ ಕಾಲುಭಾಗದಲ್ಲಿ ನಿಮ್ಮ ಊರಿನ ಕಿವುಡರು ಏನು ಬಳಸುತ್ತಾರೋ ಅದನ್ನೇ ಮಗುವಿಗೆ ಮೊದಲು ಕೊಡಿ, ನಿಘಂಟಿನದ್ದು ಆಮೇಲೆ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಸನ್ನೆ ಭಾಷೆಯನ್ನು ದೇಶಕ್ಕೆಲ್ಲ ಏಕರೂಪಗೊಳಿಸುವ ಮಾತಿನ ಜತೆಗೆ ಸ್ಥಳೀಯ ಸನ್ನೆ ಭಾಷೆಗಳನ್ನು ಗೌರವಿಸಿ, ಸಾಧ್ಯವಾದೆಡೆ ಕಲಿಸಬೇಕು ಎಂದಿದೆ.

ಸರ್ಕಾರವನ್ನು ನಾವು ಕೇಳುವುದು ಇಷ್ಟು. ಮೊದಲನೆಯದು, ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗಾಗಿ ಕನ್ನಡದ ಮನೆಗಳ ಸುಮಾರು 500 ಪದಗಳ ಸನ್ನೆ ಪಟ್ಟಿ, ಪ್ರತಿ ಪದಕ್ಕೆ ಚಿತ್ರ ಮತ್ತು ಕ್ಯೂಆರ್ ಕೋಡ್, ಕೋಡಿನ ಹಿಂದೆ ಕರ್ನಾಟಕದ ಕಿವುಡರೇ ಮಾಡಿ ತೋರಿಸುವ ಮೂರ್ನಾಲ್ಕು ಸೆಕೆಂಡಿನ ವಿಡಿಯೊ. ಹಳೆ ಮೈಸೂರು, ಕಲ್ಯಾಣ ಕರ್ನಾಟಕ, ಕಿತ್ತೂರು ಕರ್ನಾಟಕ, ಕರಾವಳಿ ಈ ನಾಲ್ಕೂ ಕಡೆಯ ಕಿವುಡು ಕುಟುಂಬಗಳನ್ನು ಕೂರಿಸಿಕೊಂಡು ಪದ ಆರಿಸಬೇಕು. ಬೆಂಗಳೂರಿನ ಕಚೇರಿಯಲ್ಲಿ ಕೂತು ಮಾಡಿದರೆ ಅರ್ಧ ಮನೆಗಳಿಗೆ ಹೊಂದುವುದಿಲ್ಲ. ಎರಡನೆಯದು, ಶ್ರವಣದೋಷ ಖಚಿತವಾದ ದಿನವೇ ಸಾಧನದ ಚೀಟಿಯ ಜತೆ ಈ ಪಟ್ಟಿಯನ್ನೂ ಕೊಡಬೇಕು, ಮಾತು ಬಾರದೆ ಹೋದರೆ ನೋಡೋಣ ಎಂದು ತಡೆಹಿಡಿಯಬಾರದು. ಇಂಪ್ಲಾಂಟ್ ಆದ ಮಕ್ಕಳಿಗೂ ಕೊಡಬೇಕು. ಸ್ನಾನ ಮಾಡುವಾಗ, ಬ್ಯಾಟರಿ ಮುಗಿದಾಗ, ಇಂಪ್ಲಾಂಟಿನ ಹೊರಗಿನ ಯಂತ್ರವಾದ ಪ್ರೊಸೆಸರ್ ರಿಪೇರಿಗೆ ಹೋದ ವಾರಗಳಲ್ಲಿ ಆ ಮಗುವಿಗೂ ಏನೂ ಕೇಳುವುದಿಲ್ಲ.

ಮೂರನೆಯದೇ ನಮಗೆ ಹೆಚ್ಚು ಮುಖ್ಯ. ಪ್ರತಿ ತಾಲ್ಲೂಕಿಗೆ ಒಬ್ಬರಾದರೂ ಕಿವುಡು ವಯಸ್ಕರನ್ನು ಗೌರವಧನ ಕೊಟ್ಟು ಮನೆಭೇಟಿಗೆ ನೇಮಿಸಿ. ಸನ್ನೆ ಭಾಷೆ ಕಲಿಸಲು ಕಿವುಡರಿಗೆಂದೇ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ಡಿಪ್ಲೊಮಾ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು, ವಿಕಲಚೇತನ ಶಿಕ್ಷಕರೂ ಸೇರಿದಂತೆ, ತರಬೇತಿ ಕೊಟ್ಟು ನೇಮಿಸಿಕೊಳ್ಳಲು ಹೇಳುತ್ತದೆ. ಅದನ್ನು ಶಾಲೆಯ ಬಾಗಿಲಿನಿಂದ ತೊಟ್ಟಿಲ ತನಕ ಒಯ್ಯಬೇಕು. ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ಈಗಾಗಲೇ ಇರುವ ಸಮನ್ವಯ ಶಿಕ್ಷಣದ ಶಿಕ್ಷಕರು ಮೊದಲ ಒಂದೆರಡು ಭೇಟಿಗೆ ಜತೆಗೆ ಹೋದರೆ ಮನೆಯವರ ಅಳುಕು ಕಳೆಯುತ್ತದೆ. ಕಿವುಡು ಮಗುವಿನ ತಂದೆತಾಯಿಯಲ್ಲಿ ಬಹುಪಾಲು ಜನ ಅಲ್ಲಿಯವರೆಗೆ ಒಬ್ಬ ಕಿವುಡು ವಯಸ್ಕರನ್ನೂ ಹತ್ತಿರದಿಂದ ಕಂಡಿರುವುದಿಲ್ಲ. ದುಡಿಯುವ, ನಗುವ, ಮೊಬೈಲಿನಲ್ಲಿ ಮನೆಯವರೊಂದಿಗೆ ವಿಡಿಯೊ ಕಾಲ್ ಮಾಡುವ ಒಬ್ಬರು ಎದುರಿಗೆ ಕೂತಾಗ ಅವರ ಭಯವೂ ಇಳಿಯುತ್ತದೆ, ಕೈಗಳೂ ಸಡಿಲವಾಗುತ್ತವೆ.

ಭೇಟಿ ವಾರಕ್ಕೊಮ್ಮೆ, ಒಂದು ಗಂಟೆ, ಕನಿಷ್ಠ ಒಂದು ವರ್ಷ. ಮೊದಲ ಅರ್ಧ ಗಂಟೆ ಮಗುವಿನ ಜತೆ ಆಟ, ಮನೆಯವರು ನೋಡಬೇಕು. ಉಳಿದ ಅರ್ಧ ಗಂಟೆ ಮನೆಯವರು ಮಾಡಬೇಕು, ಭೇಟಿಗೆ ಬಂದವರು ನೋಡಿ ತಿದ್ದಬೇಕು. ವಾರಕ್ಕೆ ಹತ್ತು ಹೊಸ ಸನ್ನೆಗಿಂತ ಹೆಚ್ಚು ಕೊಟ್ಟರೆ ದೊಡ್ಡವರು ಮರೆಯುತ್ತಾರೆ. ಮತ್ತು ಭೇಟಿಯ ವೇಳೆಯನ್ನು ಕಚೇರಿಯ ಅನುಕೂಲಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಇಡಬೇಡಿ. ಆಗ ತಾಯಿ ಕೂಲಿಗೋ ಗಾರ್ಮೆಂಟ್ಸಿಗೋ ಹೋಗಿರುತ್ತಾರೆ, ಅಪ್ಪ ಇರುವುದಿಲ್ಲ. ಸಂಜೆ ಆರರ ಮೇಲೆ ಅಥವಾ ಭಾನುವಾರ ಇಟ್ಟರೆ ಹಗಲೆಲ್ಲ ಮಗು ನೋಡಿಕೊಳ್ಳುವ ಅಜ್ಜಿಯೂ ಅಣ್ಣ ಅಕ್ಕಂದಿರೂ ಒಟ್ಟಿಗೆ ಕೂತು ಕಲಿಯಲು ಆಗುತ್ತದೆ.

ಇಂತಿ,
ಕಿವುಡು ಮಕ್ಕಳ ಪೂರ್ವಪ್ರಾಥಮಿಕ ಶಿಕ್ಷಕಿಯರು ಮತ್ತು ಸನ್ನೆ ಭಾಷೆಯ ಶಿಕ್ಷಕರು,
ಮೈಸೂರು